ಬಂಡೆ, ಕೆರೆ, ರೇಷ್ಮೆಹುಳು: ಕೋಲಾರದ ನೆಲದಲ್ಲಿ ಪರಿಸರ ಕಲೆಯ ಪಾಠ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿ ಅಂದರೆ ಹೊರಗಿನವರಿಗೆ ಮೊದಲು ಹೊಳೆಯುವುದು ಮಾವಿನ ತೋಪು. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ತುಂಬಿದ ಲಾರಿಗಳು ಬೇಸಿಗೆಯುದ್ದಕ್ಕೂ ಇಲ್ಲಿಂದ ದೂರದೂರಿಗೆ ಹೊರಡುತ್ತವೆ. ಆದರೆ ಕಲೆಯ ಕಣ್ಣಿಟ್ಟು ಈ ಸೀಮೆಯನ್ನು ನೋಡಬಯಸುವವರು ಮೊದಲು ಹೊಕ್ಕು ನೋಡಬೇಕಾದದ್ದು ರೇಷ್ಮೆ ಸಾಕುವ ಮನೆಗಳನ್ನು. ಅಲ್ಲಿ ಗೋಡೆಗೊರಗಿಸಿ ನಿಲ್ಲಿಸಿರುವ ಚಂದ್ರಿಕೆ, ರೈತರ ಬಾಯಲ್ಲಿ ಚಂದ್ರಂಕಿ, ಹತ್ತಿರದಿಂದ ನೋಡುವಂಥ ವಸ್ತು.

ಬಿದಿರಿನ ದಬ್ಬೆಯಿಂದ ಹೆಣೆದ ಆಳೆತ್ತರದ ಚಾಪೆ. ಅದರ ಮೇಲೆ ಬಿದಿರು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವಿನಿಂದ ಸುತ್ತು ಸುತ್ತಾಗಿ ಹೊರಕ್ಕೆ ಕಟ್ಟಿರುತ್ತಾರೆ. ಸುತ್ತಿನಿಂದ ಸುತ್ತಿಗೆ ಉಳಿಯುವ ಸಂದು ಒಂದು ಹುಳು ಮೈಚಾಚುವಷ್ಟೇ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ ಹೊಳೆಯತೊಡಗಿದ ಹುಳು ‘ಹಣ್ಣಾಯಿತು’ ಎಂದು ಹೆಂಗಸರು ಗುರುತು ಹಿಡಿದು, ಒಂದೊಂದನ್ನೇ ಕೈಯಲ್ಲಿ ಆಯ್ದು ಆ ಸಂದುಗಳಿಗೆ ಬಿಡುತ್ತಾರೆ. ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ, ಕಡಿಯದ ಒಂದೇ ಎಳೆಯನ್ನು ನೂರಾರು ಮೀಟರ್ ಉದ್ದಕ್ಕೆ ಸುತ್ತುತ್ತದೆ. ಎರಡು ಮೂರು ದಿನಗಳಲ್ಲಿ ಬಿದಿರಿನ ಸುರುಳಿಯ ತುಂಬ ಗೂಡು. ಈ ವಿನ್ಯಾಸದಲ್ಲಿ ಅರ್ಧ ಮೇದರ ಕೈಯದು, ಇನ್ನರ್ಧ ಹುಳುವಿನದು.

ಇದನ್ನು ಯಾರೂ ಕಲಾಕೃತಿ ಎಂದು ಕರೆದಿಲ್ಲ. ಕರೆಯಬೇಕೆಂದು ರೈತರಿಗೆ ಅನ್ನಿಸಿಯೂ ಇಲ್ಲ. ಆದರೆ ಕಳೆದ ಅರವತ್ತು ವರ್ಷಗಳಿಂದ ಜಗತ್ತಿನ ಹಲವು ಕಲಾವಿದರು ಹುಡುಕುತ್ತಿರುವುದು ಇಂಥದ್ದನ್ನೇ: ನಿಸರ್ಗವನ್ನು ದೂರದಿಂದ ನೋಡಿ ಬರೆಯದೆ, ಅದರ ಜೊತೆ ಕೂತು ಕೆಲಸ ಮಾಡುವ ಬಗೆಯನ್ನು. ಕಲಾ ಶಾಲೆಗಳಲ್ಲಿ ಇದಕ್ಕೆ ಪರಿಸರ ಕಲೆ ಎಂಬ ಹೆಸರು ನಿಂತಿದೆ.

ನಿಸರ್ಗದ ಚಿತ್ರ ಬರೆಯುವ ಪರಂಪರೆ ಕನ್ನಡನಾಡಿಗೆ ಹೊಸದಲ್ಲ. ಕೆ. ವೆಂಕಟಪ್ಪನವರು ಊಟಿ ಮತ್ತು ಕೊಡೈಕೆನಾಲಿನ ಮಂಜು ಮತ್ತು ಮೋಡಗಳನ್ನು ಜಲವರ್ಣದಲ್ಲಿ ಹಿಡಿದರು. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ನಿಂತು ಬಣ್ಣ ಹಚ್ಚಿದರು. ಅಲ್ಲಿ ಮರ ಮರವಾಗಿಯೇ ಉಳಿಯುತ್ತದೆ, ಚಿತ್ರ ಗೋಡೆ ಸೇರುತ್ತದೆ. ಪರಿಸರ ಕಲೆಯಲ್ಲಿ ಮರ, ಮಣ್ಣು, ಕಲ್ಲು, ನೀರೇ ಕೃತಿಯ ಒಡಲು. 1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಹುಲ್ಲು ಬೆಳೆದ ಬಯಲೊಂದರಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದರು. ತುಳಿತಕ್ಕೆ ಹುಲ್ಲು ಮಲಗಿ ಒಂದು ನೇರ ಗೆರೆ ಮೂಡಿತು. ಅದರ ಫೋಟೊ ತೆಗೆದರು, ಅಷ್ಟೆ. ಹುಲ್ಲು ಮತ್ತೆ ಎದ್ದು ನಿಂತಿರಬೇಕು. ಆ ಫೋಟೊ ಮಾತ್ರ ಇಂದಿಗೂ ಕಲಾ ಚರಿತ್ರೆಯ ಪಾಠವಾಗಿದೆ.

ಮೂರು ವರ್ಷಗಳ ನಂತರ, 1970ರಲ್ಲಿ, ಅಮೆರಿಕದ ರಾಬರ್ಟ್ ಸ್ಮಿತ್‌ಸನ್ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದೊಳಕ್ಕೆ ಕಪ್ಪು ಕಲ್ಲು ಮತ್ತು ಮಣ್ಣು ಸುರಿಸಿ, 1,500 ಅಡಿ ಉದ್ದ, 15 ಅಡಿ ಅಗಲದ ಸುರುಳಿ ದಾರಿ ಕಟ್ಟಿಸಿದರು. ‘ಸ್ಪೈರಲ್ ಜೆಟ್ಟಿ’ ಎಂಬ ಈ ಕೃತಿ ಕೆಲವೇ ವರ್ಷಗಳಲ್ಲಿ ನೀರಿನಡಿ ಮುಳುಗಿತು. ದಶಕಗಳ ನಂತರ, 2002ರ ಬರದಲ್ಲಿ, ಉಪ್ಪು ಮೆತ್ತಿಕೊಂಡು ಬೆಳ್ಳಗೆ ಮೇಲೆದ್ದಿತು. ಇಂದು ಸರೋವರ ಎಷ್ಟು ಹಿಂದೆ ಸರಿದಿದೆಯೆಂದರೆ ಜೆಟ್ಟಿ ಒಣನೆಲದ ಮೇಲೆ ನಿಂತಿದೆ. ಕಲಾವಿದ ಬಯಸಿದ್ದನೋ ಇಲ್ಲವೋ, ಅದೀಗ ಸರೋವರದ ನೀರಿನ ಮಟ್ಟ ತೋರಿಸುವ ಅಳತೆಗೋಲು.

ಹಾಗಾಗಿ ಪರಿಸರ ಕಲೆಯನ್ನು ಅಭ್ಯಾಸ ಮಾಡುವವರು ‘ಚೆನ್ನಾಗಿದೆಯೇ’ ಎಂಬಲ್ಲಿಗೆ ನಿಲ್ಲುವುದಿಲ್ಲ. ಕೃತಿಗೆ ಬಳಸಿದ ವಸ್ತು ಎಲ್ಲಿಂದ ಬಂತು? ಆ ಜಾಗಕ್ಕೂ ಕೃತಿಗೂ ಏನು ನಂಟು? ಅದು ಎಷ್ಟು ಕಾಲ ಇರುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ? ಅದರಿಂದ ನೆಲಕ್ಕೆ, ಅಲ್ಲಿನ ಜೀವಿಗಳಿಗೆ ಒಳಿತಾಯಿತೇ, ಕೆಡುಕಾಯಿತೇ? ಈ ಪ್ರಶ್ನೆಗಳನ್ನು ಹಿಡಿದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿದರೆ ಪಾಠಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ.

ಧನುರ್ಮಾಸವನ್ನೇ ತೆಗೆದುಕೊಳ್ಳಬಹುದು. ಕನ್ನಡ, ತೆಲುಗು ಎರಡೂ ಬೆರೆತ ಈ ಗಡಿಸೀಮೆಯ ಊರುಗಳಲ್ಲಿ ಚಳಿಯ ನಸುಕಿಗೇ ಅಂಗಳ ಸಾರಿಸಿ ರಂಗೋಲಿ ಹಾಕುತ್ತಾರೆ. ಅದರ ನಡುವೆ ಸಗಣಿಯ ಉಂಡೆ ಇಟ್ಟು, ಕುಂಬಳದ ಹೂವನ್ನೋ ಹುಚ್ಚೆಳ್ಳಿನ ಹೂವನ್ನೋ ಸಿಕ್ಕಿಸುತ್ತಾರೆ. ಆ ತಿಂಗಳಲ್ಲಿ ಹೊಲದಲ್ಲಿ, ಬೇಲಿಯ ಮೇಲೆ ಅರಳುವ ಹೂವೇ ಅಂಗಳಕ್ಕೆ ಬರುತ್ತದೆ. ಅಕ್ಕಿ ಹಿಟ್ಟಿನಲ್ಲಿ ಎಳೆದ ಗೆರೆ ಇರುವೆ, ಗುಬ್ಬಿಗಳ ಪಾಲು. ಒಣಗಿದ ಉಂಡೆ ಒಲೆಗೋ ತಿಪ್ಪೆಗೋ ಸೇರಿ, ತಿಪ್ಪೆಯ ಮೂಲಕ ಮತ್ತೆ ಹೊಲಕ್ಕೆ ಹೋಗುತ್ತದೆ. ವಸ್ತು, ಜಾಗ, ಕಾಲ, ಕೊನೆ ಎಲ್ಲವೂ ಇಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಎಲೆ, ಮುಳ್ಳು, ಹಿಮ, ಕಡ್ಡಿಗಳಿಂದ ಕ್ಷಣಕಾಲದ ಕೃತಿಗಳನ್ನು ಕಟ್ಟಿ, ಅವು ಕರಗುವುದನ್ನೂ ಕೃತಿಯ ಭಾಗವೆಂದೇ ಒಪ್ಪಿಕೊಂಡು ಹೆಸರಾದವರು ಬ್ರಿಟನ್ನಿನ ಆ್ಯಂಡಿ ಗೋಲ್ಡ್ಸ್‌ವರ್ದಿ. ನಮ್ಮ ಅಂಗಳಗಳಲ್ಲಿ ಆ ಒಪ್ಪಿಗೆ ದಿನನಿತ್ಯದ್ದು. ಇವತ್ತಿನ ರಂಗೋಲಿ ಅಳಿಸಿದರೇ ನಾಳೆಯದಕ್ಕೆ ಜಾಗ.

ಸಗಣಿಯನ್ನು ಕಲಾ ಗ್ಯಾಲರಿಯ ಒಳಕ್ಕೆ ಕೊಂಡೊಯ್ದು ಜಗತ್ತು ತಿರುಗಿ ನೋಡುವಂತೆ ಮಾಡಿದವರೂ ಕನ್ನಡನಾಡಿನವರೇ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಚಿತ್ರಕಲೆ ಕಲಿತವರು. 1990ರ ದಶಕದ ಆರಂಭದಲ್ಲಿ ಕ್ಯಾನ್ವಾಸಿನಿಂದ ಸರಿದು ಸಗಣಿ, ಕುಂಕುಮ, ದಾರಗಳತ್ತ ಹೊರಳಿದರು. ಅವರ ಹೆಸರಾಂತ ಕೃತಿಯೊಂದರಲ್ಲಿ ನೂರಾರು ಸೂಜಿಗಳ ಕಣ್ಣಿನಲ್ಲಿ ದಾರ ಪೋಣಿಸಿ, ಎಳೆಗಳನ್ನು ಒಟ್ಟುಗೂಡಿಸಿ ಕುಂಕುಮ ಬಳಿದ ಕೆಂಪು ಹಗ್ಗ ಕೋಣೆಯ ತುಂಬ ಹರಿದಾಡುತ್ತದೆ. ಹೆಂಗಸರು ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳಿಗೆ ತೈಲವರ್ಣಕ್ಕಿಂತ ಕಡಿಮೆ ಮಾತಿಲ್ಲ ಎಂಬುದನ್ನು ಅವರು ತೋರಿಸಿದರು.

ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವೂ ಇದೇ ಜಾಡಿನದು. ಸಾಗರ, ಸೊರಬದ ಕಡೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಊರ ಸುತ್ತ ಸಿಗದ ಒಂದೂ ಸಾಮಗ್ರಿ ಅದರಲ್ಲಿಲ್ಲ. ಆದ್ದರಿಂದಲೇ ಗುರಿಗೆ ಗಿಡ ಮರೆಯಾದ ಕಡೆ ಆ ಹಳದಿಯೂ ಮರೆಯಾಗುತ್ತದೆ. ಕಲೆಯ ಉಳಿವೂ ಕಾಡಿನ ಉಳಿವೂ ಎಷ್ಟು ಹತ್ತಿರದವೆಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನು ಕಲ್ಲು. ಕೋಲಾರವೆಂದರೆ ಬಂಡೆಗಳ ಜಿಲ್ಲೆ. ನಗರದ ಬೆನ್ನಿಗೆ ನಿಂತ ಶತಶೃಂಗ ಬೆಟ್ಟಸಾಲಿನಲ್ಲಿ ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಗುಂಡುಗಳನ್ನು ಯಾರೂ ಪೇರಿಸಿಲ್ಲ. ಕೋಟ್ಯಂತರ ವರ್ಷಗಳ ಬಿಸಿಲು, ಮಳೆ, ಗಾಳಿ ಬಿರುಕುಗಳಲ್ಲಿ ಇಳಿದು, ಅಂಚುಗಳನ್ನು ಸವೆಸಿ, ಪದರ ಪದರವಾಗಿ ಸುಲಿದು ಅವುಗಳನ್ನು ದುಂಡಗೆ ಮಾಡಿವೆ. ಅದೇ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಬಂಡೆಯ ಬಿರುಕಿನಲ್ಲಿ ಇಳಿದ ಮಳೆನೀರಿಗೆ ಯಾರೋ ಹಿಂದಿನವರು ಒಂದು ಬಾಯಿ ಕೊಟ್ಟಿದ್ದಾರೆ. ನೀರನ್ನು ತಡೆಯಲಿಲ್ಲ, ತಿರುಗಿಸಲಿಲ್ಲ. ಅದು ಹೊರಬರುವ ಜಾಗವನ್ನು ಗೌರವಿಸಿ ಗುರುತಿಸಿದರು.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ಮಾತು ಬೇರೆಯದೇ ಬಗೆ. ತಲೆಮಾರುಗಳಿಂದ ಶಿಲ್ಪಿಗಳ ಊರು ಅದು. ಬೀದಿಗಿಳಿದರೆ ಉಳಿ ಪೆಟ್ಟಿನ ಸದ್ದು. ಕೆತ್ತುವ ಮೊದಲು ಶಿಲ್ಪಿ ಕಲ್ಲನ್ನು ತಟ್ಟಿ ಕೇಳುತ್ತಾನೆ. ನಾದ ತುಂಬಿ ಬಂದರೆ ಒಂದು ಜಾತಿ, ಮೃದುವಾಗಿ ಬಂದರೆ ಇನ್ನೊಂದು, ಬೋಳಾಗಿ ಬಂದರೆ ಒಳಗೆ ದೋಷವಿದೆ ಎಂದು ಬದಿಗೆ. ಶಿಲ್ಪಶಾಸ್ತ್ರಗಳು ಕಲ್ಲನ್ನು ಗಂಡು, ಹೆಣ್ಣು, ನಪುಂಸಕ ಎಂದು ವಿಂಗಡಿಸಿರುವುದೂ ಮುಖ್ಯವಾಗಿ ಈ ನಾದದ ಮೇಲೆಯೇ. ವಸ್ತುವಿನ ಗುಣವನ್ನು ಮೊದಲು ಕೇಳಿಸಿಕೊಂಡು, ಆಮೇಲೆ ಅದರ ಮೇಲೆ ಕೈಯಿಡುವುದು: ಪರಿಸರ ಕಲೆಯ ಮೊದಲ ಪಾಠ ಇದೇ. ಬಳ್ಳಾರಿ ಬಳಿಯ ಕುಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನರು ಕಪ್ಪು ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಅಲ್ಲೇ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆ. ಅವನ್ನು ನುಡಿಸಿದ ಗುರುತುಗಳೂ ಉಳಿದಿವೆ. ಕಲ್ಲಿಗೆ ಕಿವಿಗೊಡುವ ಅಭ್ಯಾಸ ಈ ನಾಡಿನಲ್ಲಿ ಅಷ್ಟು ಹಳೆಯದು.

ಹಾಗಂತ ನೆಲದ ಮೇಲೆ ಮಾಡಿದ್ದೆಲ್ಲ ನೆಲಕ್ಕೆ ಒಳಿತಲ್ಲ. 1969ರಲ್ಲಿ ಮೈಕೆಲ್ ಹೈಜರ್ ಎಂಬ ಕಲಾವಿದ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಸುಮಾರು 2,40,000 ಟನ್ ಕಲ್ಲುಮಣ್ಣು ತೋಡಿಸಿ ಎರಡು ಭಾರಿ ಕಂದಕಗಳನ್ನು ಮಾಡಿಸಿದರು. ಕೃತಿ ಹೆಸರುವಾಸಿಯಾಯಿತು, ನೆಲವನ್ನು ಹೀಗೆ ಬಗೆಯುವ ಹಕ್ಕು ಕಲೆಗಿದೆಯೇ ಎಂಬ ಪ್ರಶ್ನೆಯೂ ಅದರ ಜೊತೆಗೇ ಉಳಿಯಿತು. ನಮ್ಮಲ್ಲಿ ಆ ಪ್ರಶ್ನೆ ಚಿಕ್ಕ ಚಿಕ್ಕ ರೂಪಗಳಲ್ಲಿ ದಿನವೂ ಎದುರಾಗುತ್ತದೆ. ಬೆಟ್ಟದ ಬಂಡೆಗಳ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದ ಹೆಸರು, ಘೋಷಣೆ, ಜಾಹೀರಾತುಗಳು ಬಂಡೆಯ ಮೈಮೇಲೆ ನಿಧಾನಕ್ಕೆ ಬೆಳೆದ ಕಲ್ಲುಹೂವನ್ನು ಮುಚ್ಚಿಹಾಕುತ್ತವೆ. ಕೆರೆಯಲ್ಲಿ ಬಿಟ್ಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿ ಕರಗದೆ ಹೂಳಾಗಿ ಕೂರುತ್ತದೆ, ಬಣ್ಣದ ಸೀಸ ನೀರಿಗಿಳಿಯುತ್ತದೆ. ಕೆರೆಯ ಜೇಡಿಯಲ್ಲೇ ಗಣಪತಿ ಮಾಡಿ ಅದೇ ಕೆರೆಗೆ ಬಿಡುತ್ತಿದ್ದ ಕುಂಬಾರರ ಪದ್ಧತಿಯಲ್ಲಿ ಈ ತೊಡಕು ಇರಲಿಲ್ಲ.

ಕೆರೆಯ ಮಾತು ಬಂದರೆ ಕೋಲಾರಕ್ಕೆ ಎದೆ ಭಾರ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆ ಬದುಕಿದ್ದೇ ಸಾವಿರಾರು ಕೆರೆಗಳ ಮೇಲೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕಟ್ಟೆ, ತೂಬು, ಕೋಡಿ, ರಾಜಕಾಲುವೆ ಸೇರಿದ ಈ ಸರಪಣಿ ನೆಲದ ಇಳಿಜಾರನ್ನು ಓದಿ ಮಾಡಿದ ಮಹಾಕೃತಿ. ಮಳೆ ಕೈಕೊಟ್ಟು, ಒತ್ತುವರಿ, ಹೂಳು ಹೆಚ್ಚಿ, ನೀಲಗಿರಿ ತೋಪುಗಳು ಹಬ್ಬಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಕೆರೆಗಳು ಬತ್ತಿದವು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ವರ್ಷಗಳಿಂದ ಬಣಗುಟ್ಟಿದ್ದ ಕೆರೆಗಳು ತುಂಬಿದಾಗ ಹಲವರು ಹಿಗ್ಗಿದರು. ನೊರೆ ಕಂಡಾಗ ಅಷ್ಟೇ ಜನ ಬೆಚ್ಚಿದರು. ಮೂರನೆಯ ಹಂತದ ಶುದ್ಧೀಕರಣ ಬೇಕೇ ಬೇಕೆಂಬ ಹೋರಾಟಗಾರರ ಒತ್ತಾಯ ಅಲ್ಲಿಂದ ಶುರುವಾಯಿತು.

ಇಲ್ಲಿ ಕಲೆಗೇನು ಕೆಲಸ ಎನ್ನುವವರು ಚೀನಾದ ಚೆಂಗ್ಡು ನಗರದ ಕಡೆ ನೋಡಬಹುದು. ಅಲ್ಲಿನ ನದಿ ಕೊಳಕಾಗಿ ನಾರುತ್ತಿದ್ದಾಗ, ಅಮೆರಿಕದ ಕಲಾವಿದೆ ಬೆಟ್ಸಿ ಡೇಮನ್ ಸ್ಥಳೀಯ ಎಂಜಿನಿಯರುಗಳು, ವಿಜ್ಞಾನಿಗಳ ಜೊತೆ ಸೇರಿ 1998ರಲ್ಲಿ ಆರು ಎಕರೆಯಷ್ಟು ಜಾಗದಲ್ಲಿ ‘ಲಿವಿಂಗ್ ವಾಟರ್ ಗಾರ್ಡನ್’ ರೂಪಿಸಿದರು. ಮೀನಿನ ಆಕಾರದ ಉದ್ಯಾನ. ನದಿಯ ನೀರು ಮೊದಲು ತಿಳಿಗೊಳಿಸುವ ಕೊಳಕ್ಕೆ ಬರುತ್ತದೆ, ಅಲ್ಲಿಂದ ಕಲ್ಲಿನ ಬೋಗುಣಿಗಳ ಸಾಲಿನಲ್ಲಿ ಸುಳಿಸುಳಿದು ಗಾಳಿಯ ಆಮ್ಲಜನಕ ಹೀರುತ್ತದೆ, ಜೊಂಡು, ಕಮಲ ಬೆಳೆದ ಮಡಿಗಳಲ್ಲಿ ಸೋಸಿಕೊಂಡು ತಿಳಿಯಾಗಿ ಹೊರಬೀಳುತ್ತದೆ. ನದಿಯ ಇಡೀ ನೀರನ್ನು ಅದು ಶುದ್ಧ ಮಾಡಲಾರದು. ಆದರೆ ನೀರು ಹೇಗೆ ಕೆಡುತ್ತದೆ, ಹೇಗೆ ತಿಳಿಯಾಗುತ್ತದೆ ಎಂಬುದನ್ನು ಮಕ್ಕಳು ಹಂತ ಹಂತವಾಗಿ ಕಣ್ಣಾರೆ ಕಾಣುತ್ತಾರೆ. ಸಂಸ್ಕರಣಾ ಘಟಕದ ಗೋಡೆಯ ಹಿಂದೆ ಅಡಗಿದ್ದ ಪ್ರಕ್ರಿಯೆ ಅಲ್ಲಿ ಊರ ನಡುವೆ ಬಯಲಾಯಿತು. ನೀರಿನ ಗುಣಮಟ್ಟವೇ ಜಗಳದ ವಿಷಯವಾಗಿರುವ ಕೋಲಾರಕ್ಕೆ ಇಂಥದ್ದೊಂದು ಕೆರೆಯಂಗಳ ಬೇಕಾಗಿದೆ.

ಮಣ್ಣಿನ ಗಾಯ ಇನ್ನೂ ಆಳದ್ದು. ಕೆಜಿಎಫ್ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದಿರನ್ನು ಪುಡಿಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುಮಾರು 3.3 ಕೋಟಿ ಟನ್. ಊರಿನ ಸುತ್ತ ಸೈನೈಡ್ ದಿಬ್ಬಗಳಾಗಿ ಅದು ನಿಂತಿದೆ. ಸಿನಿಮಾದವರಿಗೆ ಅದು ಅಪರೂಪದ ದೃಶ್ಯ. ಆಷಾಢದ ಗಾಳಿಗೆ ಹಾರುವ ದೂಳು ಅಲ್ಲಿನ ನಿವಾಸಿಗಳ ಮನೆ, ಬಾವಿ, ಎದೆಗಳಿಗೆ ಸೇರುವ ಪೀಡೆ. ಇಂಥದೇ ಕೆಟ್ಟ ಮಣ್ಣಿನ ಮುಂದೆ ನಿಂತ ಕಲಾವಿದ ಮೆಲ್ ಚಿನ್. 1991ರಲ್ಲಿ ಅಮೆರಿಕದ ಸೇಂಟ್ ಪಾಲ್ ನಗರದ ಹಳೆಯ ಕಸದ ಗುಂಡಿಯೊಂದರ ಮೇಲೆ, ಮಣ್ಣುವಿಜ್ಞಾನಿ ರೂಫಸ್ ಚೇನಿ ಜೊತೆ ಸೇರಿ, ಕ್ಯಾಡ್ಮಿಯಂ, ಸತುವಿನಂಥ ಲೋಹಗಳನ್ನು ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಡುವ ಗಿಡಗಳನ್ನು ಬೆಳೆಸಿದರು. ಚೌಕದೊಳಗೊಂದು ವೃತ್ತ, ನಡುವೆ ಹಾಯುವ ಎರಡು ದಾರಿ. ಕೃತಿಯ ಆಕಾರ ಅಷ್ಟೇ. ಇದು ಕಲೆಯೇ ಎಂದು ಅನುಮಾನಪಟ್ಟು ಅಲ್ಲಿನ ರಾಷ್ಟ್ರೀಯ ಕಲಾ ನಿಧಿ ಅನುದಾನವನ್ನು ಮೊದಲು ತಡೆಹಿಡಿದು, ಆಮೇಲೆ ಕೊಟ್ಟಿತು. ಪ್ರಯೋಗ ಫಲ ಕೊಟ್ಟಿತು: ಗಿಡಗಳು ಲೋಹ ಹೀರಿದ್ದು ಪರೀಕ್ಷೆಯಲ್ಲಿ ಕಂಡಿತು. ಕಲಾವಿದನ ಕಲ್ಪನೆ, ವಿಜ್ಞಾನಿಯ ಪ್ರಯೋಗ ಒಂದೇ ಹೊಲದಲ್ಲಿ ಬೆಳೆದವು.

ಮರಗಳ ವಿಷಯದಲ್ಲಿ ಕರ್ನಾಟಕ ಯಾರಿಗೂ ಕಡಿಮೆಯಿಲ್ಲ. ಜರ್ಮನಿಯ ಜೋಸೆಫ್ ಬಾಯ್ಸ್ 1982ರಲ್ಲಿ ಕಾಸೆಲ್ ನಗರದ ವಸ್ತುಸಂಗ್ರಹಾಲಯದ ಮುಂದೆ 7,000 ಬಸಾಲ್ಟ್ ಕಲ್ಲುಗಳನ್ನು ರಾಶಿ ಹಾಕಿಸಿ, ಒಂದು ಗಿಡ ನೆಟ್ಟರೆ ಮಾತ್ರ ಅದರ ಪಕ್ಕ ಒಂದು ಕಲ್ಲು ನೆಡಬಹುದೆಂದು ಕಟ್ಟುಪಾಡು ಮಾಡಿದರು. ಗಿಡಗಳು ಹೆಚ್ಚಿದಂತೆ ರಾಶಿ ಕರಗುತ್ತ ಹೋಯಿತು. ಬಾಯ್ಸ್ 1986ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮಗ ಕೊನೆಯ ಗಿಡ ನೆಟ್ಟ. ಬಾಯ್ಸ್‌ಗಿಂತ ಎಷ್ಟೋ ವರ್ಷ ಮೊದಲೇ ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಸುಮಾರು 385 ಆಲದ ಮರಗಳನ್ನು ಬೆಳೆಸಿದರು. ಬಾಯ್ಸ್ ಕೃತಿ ಕಲಾ ಪಠ್ಯದಲ್ಲಿದೆ, ತಿಮ್ಮಕ್ಕನ ಸಾಲುಮರ ಪರಿಸರ ಪಠ್ಯದಲ್ಲಿದೆ. ಎರಡನ್ನೂ ಒಂದೇ ತರಗತಿಯಲ್ಲಿ ಕೂರಿಸಿ ಓದಿಸಿದಾಗಲೇ ನಮ್ಮ ಮಕ್ಕಳಿಗೆ ಎರಡರ ದೊಡ್ಡತನವೂ ತಿಳಿಯುವುದು.

ಅಂಥ ತರಗತಿಗೆ ಕೋಲಾರದಲ್ಲೇ ಒಂದು ಮಾದರಿಯಿದೆ. ಶತಶೃಂಗ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರ ‘ಹುಣ್ಣಿಮೆ ಹಾಡು’ ಎಂಬ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಹುಣ್ಣಿಮೆಯಂದು ಜನ ಬೆಟ್ಟ ಹತ್ತುತ್ತಾರೆ. ಬಯಲಿನಲ್ಲಿ ಹಾಡು, ನಾಟಕ, ತಮಟೆ. ಕಾರ್ಯಕ್ರಮದ ದಿನ ಗೊತ್ತು ಮಾಡುವುದು ಚಂದ್ರ, ರಂಗಸಜ್ಜಿಕೆ ಬಂಡೆ. ಹಳ್ಳಿಯ ಮಕ್ಕಳು ಅಲ್ಲಿ ಕಲೆಯನ್ನು ಬೆಟ್ಟದಿಂದ ಬೇರ್ಪಡಿಸಿ ನೋಡುವುದನ್ನು ಕಲಿಯುವುದೇ ಇಲ್ಲ.

ಈ ಎಲ್ಲವನ್ನೂ ದಾಖಲಿಸುವ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. ಯಲ್ದೂರು ಹೋಬಳಿಯ ಒಂದು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರು ಮತ್ತು ವಿಜ್ಞಾನ ಶಿಕ್ಷಕರು ಕೂಡಿ ಮನಸ್ಸು ಮಾಡಿದರೆ ಒಂದು ಧನುರ್ಮಾಸದಲ್ಲಿ ಮಕ್ಕಳು ಊರಿನ ರಂಗೋಲಿಗಳನ್ನು, ಬಳಸಿದ ಹೂಗಳ ಹೆಸರನ್ನು, ಯಾವ ಹೂ ಈಗ ಸಿಗುತ್ತಿಲ್ಲ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಬೇಸಿಗೆಯಲ್ಲಿ ಕೆರೆಯಂಗಳದ ಮಣ್ಣುಗಳ ಬಣ್ಣ ಸಂಗ್ರಹಿಸಬಹುದು. ಚಂದ್ರಿಕೆ ಹೆಣೆಯಬಲ್ಲ ಮೇದರ ಹಿರಿಯರನ್ನು ಶಾಲೆಗೆ ಕರೆಸಿ ಹೆಣಿಗೆ ಕಲಿಯಬಹುದು. ಪ್ಲಾಸ್ಟಿಕ್ ಚಂದ್ರಿಕೆಗಳು ಬಂದ ಮೇಲೆ ಆ ವಿದ್ಯೆಗೆ ಕೇಳುವವರು ಕಡಿಮೆಯಾಗುತ್ತಿದ್ದಾರೆ.

ದೊಡ್ಡ ಕೆಲಸಕ್ಕೂ ಸಂಸ್ಥೆಗಳು ಜಿಲ್ಲೆಯಲ್ಲೇ ಇವೆ. ಕೋಲಾರದ ಟಮಕದಲ್ಲಿ ವಿಶ್ವವಿದ್ಯಾಲಯವಿದೆ, ತೋಟಗಾರಿಕಾ ಕಾಲೇಜಿದೆ. ಶಿವಾರಪಟ್ಟಣದಲ್ಲಿ ಶಿಲ್ಪಿಗಳಿದ್ದಾರೆ, ತೇರಹಳ್ಳಿಯಲ್ಲಿ ರಂಗಕರ್ಮಿಗಳಿದ್ದಾರೆ. ಗಿಡದ ಬೇರು ಬಲ್ಲವರು, ಕಲ್ಲಿನ ನಾದ ಬಲ್ಲವರು, ಜನರನ್ನು ಸೇರಿಸಬಲ್ಲವರು ಒಂದು ಕಡೆ ಕೂತು, ಕೆಜಿಎಫ್‌ನ ಒಂದು ದಿಬ್ಬದ ಅಂಚನ್ನಾದರೂ, ಸಂಸ್ಕರಿಸಿದ ನೀರು ಬರುವ ಒಂದು ಕೆರೆಯ ದಂಡೆಯನ್ನಾದರೂ ಪ್ರಯೋಗಕ್ಕೆ ತೆಗೆದುಕೊಳ್ಳಬೇಕು. ಜಿಲ್ಲಾಡಳಿತ ಅದಕ್ಕೆ ಜಾಗ ಕೊಡಬೇಕು, ಕಾಲೇಜುಗಳು ವಿದ್ಯಾರ್ಥಿಗಳನ್ನು ಕಳಿಸಬೇಕು, ಊರಿನವರು ಅದನ್ನು ತಮ್ಮದೆಂದು ಕಾಯಬೇಕು. ಮುಂದಿನ ಮುಂಗಾರಿಗೆ ಮೊದಲೇ ಈ ಮಾತುಕತೆ ಆರಂಭವಾಗಲಿ.